ಹನ್ನೆರಡನೇ ಚೌಕದ ಉಮೇದುವಾರ

ಹೆಂಡತಿಗೆ ಸೋತ ಗಂಡಂದಿರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನಾನು ಸೋತದ್ದು ಎದೆಮಟ್ಟದ ಒಂದು ಕಬ್ಬಿಣದ ಸಲಾಕೆಗೆ. ಅದೂ ಸ್ವಂತ ಮಗಳ ಎದುರಿಗೆ, ಹದಿನೇಳು ಮಂದಿ ಸಾಕ್ಷಿಗಳ ಸಮಕ್ಷಮದಲ್ಲಿ. (ಸಾಕ್ಷಿಗಳಲ್ಲಿ ಯಾರಿಗೂ ಐದು ವರ್ಷ ತುಂಬಿರಲಿಲ್ಲ, ಇಬ್ಬರ ಮೂಗು ಸೋರುತ್ತಿತ್ತು ಎಂಬುದು ಬೇರೆ ಮಾತು.)

ಇದು ತೊಂಬತ್ತೆಂಟನೇ ಇಸವಿಯ ಮಾತು. ಆಗ ನಾವು ಪುಣೆಯಲ್ಲಿ, ಕಾತ್ರಜದ ಗುಡ್ಡದ ಬುಡದ ಒಂದು ಕಾಲನಿಯಲ್ಲಿ ಇದ್ದೆವು. ನಾನು ಧರ್ಮರಾಜ, ವಿಜಾಪುರದ ಕಡೆಯವನು, ಅಲ್ಲಿ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ನನ್ನ ಹೆಂಡತಿ ಅನುಸೂಯಾ ಕಾಲನಿಯ ಸಭಾಗೃಹದಲ್ಲಿ ಬಾಲವಾಡಿ ನಡೆಸುತ್ತಿದ್ದಳು. ಅರ್ಧ ಮಕ್ಕಳು ನಮ್ಮಂಥ ಕನ್ನಡದ ನೌಕರದಾರರವು, ಇನ್ನರ್ಧ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಯಾದಗಿರಿ, ಸುರಪುರದ ಕಡೆಯಿಂದ ಬಂದವರವು. ನಮ್ಮ ಮಗಳು ರೇಣು, ನಾಲ್ಕೂವರೆ ವರ್ಷದವಳು, ಅಲ್ಲಿ ವಿದ್ಯಾರ್ಥಿನಿ. ಮನೆಗೆ ಬಂದ ಮೇಲೆ ಮುಖ್ಯೋಪಾಧ್ಯಾಯಿನಿ.

ಆ ವರ್ಷ ಅನುಸೂಯಾ ಪೇಟೆಯಿಂದ ಎರಡು ಚಾರ್ಟು ತಂದಳು. ಒಂದು ಬಾಲವಾಡಿಗೆ, ಒಂದು ನಮ್ಮ ಅಡುಗೆಮನೆಯ ಗೋಡೆಗೆ. ಮೇಲೆ ಮರಾಠಿಯಲ್ಲಿ 'ನಮ್ಮ ಸಹಾಯಕರು' ಎಂಬ ದಪ್ಪಕ್ಷರ, ಕೆಳಗೆ ಹನ್ನೆರಡು ಚೌಕ. ಡಾಕ್ಟರು, ನರ್ಸು, ಪೊಲೀಸು, ಪೋಸ್ಟ್‌ಮನ್ನು, ಸೈನಿಕ, ಬೆಂಕಿ ಆರಿಸುವವರು ಹೀಗೆ ಹನ್ನೊಂದು ಚೌಕಗಳಲ್ಲಿ ಹನ್ನೊಂದು ಜನ ಇಸ್ತ್ರಿ ಬಟ್ಟೆ ಹಾಕಿಕೊಂಡು ನಗುತ್ತ ನಿಂತಿದ್ದರು. ಹನ್ನೆರಡನೆಯದು ಖಾಲಿ. 'ನಿಮಗೆ ಗೊತ್ತಿರುವ ಒಬ್ಬ ವೀರನ ಚಿತ್ರ ಇಲ್ಲಿ ತೆಗೆಯಿರಿ' ಎಂದು ಅದರ ಕೆಳಗೆ ಬರೆದಿತ್ತು.

ಮೊದಲ ದಿನದ ಪಾಠ ಹೇಗಾಯಿತೆಂದು ಅನುಸೂಯಾ ಸಂಜೆ ರೊಟ್ಟಿ ಬಡಿಯುತ್ತ ಹೇಳಿದಳು. ಡಾಕ್ಟರ ಚಿತ್ರ ತೋರಿಸಿದಾಗ ಸೂಜಿಯ ನೆನಪಾಗಿ ಇಡೀ ವರ್ಗ ಒಂದೇ ಸ್ವರದಲ್ಲಿ ಅತ್ತಿತಂತೆ. ಪೊಲೀಸನ ಚಿತ್ರ ತೋರಿಸಿದಾಗ ಕಟ್ಟಡ ಕೆಲಸದ ಗೌಂಡಿಗಳ ಮಕ್ಕಳೆಲ್ಲ ಚಾಪೆಯ ಕೆಳಗೆ ಹೊಕ್ಕವಂತೆ. ಪೋಸ್ಟ್‌ಮನ್ನು ಯಾರೆಂದು ಕೇಳಿದರೆ ಮಾಂತು ಎಂಬ ಹುಡುಗ, "ನಮಗ ಚೀಟಿ ಬರೂದಿಲ್ರಿ ಟೀಚರ್, ಊರಿಂದ ಮಂದೀನ ಬರ್ತಾರ," ಎಂದನಂತೆ.

"ಚಿತ್ರ ತೋರಿಸಿದ್ರ ಆಗೂದಿಲ್ರಿ," ಎಂದಳು ಅನುಸೂಯಾ. "ಖರೇ ಮಂದೀನ ಕರಸಬೇಕು. ಬರೋ ಶನಿವಾರ ಕರಸ್ತೀನಿ. ತಮ್ಮ ಕೆಲಸಾ ತಾವ ಮಾಡಿ ತೋರಸ್ಲಿ."

ನನ್ನ ಕಣ್ಣು ಮಾತ್ರ ಆ ಹನ್ನೆರಡನೇ ಚೌಕದ ಮೇಲೆ ನೆಟ್ಟಿತ್ತು. ಯಾವ ತಂದೆಗೆ ಅಂಥ ಆಸೆ ಇರುವುದಿಲ್ಲ ಹೇಳಿ? ನಾನು ತಲೆ ಬಾಚಿಕೊಂಡು, ಕನ್ನಡಕ ಒರೆಸಿ ಹಾಕಿಕೊಂಡು, ಚಿತ್ರ ತೆಗೆಯಲು ಅನುಕೂಲವಾಗುವಂತೆ ಒಂದು ಮಗ್ಗುಲಿಗೆ ತಿರುಗಿ ಕುಳಿತೆ.

"ರೇಣು, ಖಾಲಿ ಚೌಕದಾಗ ಯಾರ ಚಿತ್ರ ತಗೀತಿ?"

"ಚಾವಿ ಮಾಮಾಂದು," ಎಂದಳು ನನ್ನ ಕಡೆ ನೋಡದೆ.

ಈ ಚಾವಿ ಮಾಮಾ ಎಂಬ ವ್ಯಕ್ತಿಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಕಾಲನಿಗೆ ಗುಡ್ಡದ ಮೇಲೆ ಒಂದು ದೊಡ್ಡ ನೀರಿನ ಟಾಕಿ ಇತ್ತು. ಕೆಳಗೆ ಏಳು ಗಲ್ಲಿ. ಪ್ರತಿ ಗಲ್ಲಿಯ ಬಾಯಲ್ಲಿ ಕಬ್ಬಿಣದ ಮುಚ್ಚಳ, ಅದರ ಕೆಳಗೆ ವಾಲ್ವು. ಕಾಲನಿಯವರು ಇಟ್ಟುಕೊಂಡಿದ್ದ ಒಬ್ಬ ಮನುಷ್ಯ ಮುಂಜಾನೆ ಹೆಗಲ ಮೇಲೆ ಆ ಎದೆಮಟ್ಟದ ಸಲಾಕೆಯನ್ನು, ಅಂದರೆ ವಾಲ್ವಿನ ಚಾವಿಯನ್ನು, ಹೊತ್ತುಕೊಂಡು ಬಂದು, ಮುಚ್ಚಳ ತೆಗೆದು, ಚಾವಿ ಇಳಿಬಿಟ್ಟು ತಿರುವುತ್ತಿದ್ದ. ಅವನು ತಿರುವಿದರೆ ನೀರು, ಇಲ್ಲದಿದ್ದರೆ ಇಲ್ಲ. ಬಿಳಿ ಟೊಪ್ಪಿಗೆ, ಬಿಳಿ ಪಾಯಿಜಾಮ, ಸೊಲ್ಲಾಪುರದ ಕಡೆಯ ಮರಾಠಿ. ಹೆಸರು ಏನೋ ಗೊತ್ತಿರಲಿಲ್ಲ. ಅವನು ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಮ್ಮ ಗಲ್ಲಿಗೆ ನೀರು ಬರಬೇಕಾದದ್ದು ಐದೂವರೆಗೆ. ಆ ಮಹಾಶಯ ಬರುತ್ತಿದ್ದದ್ದು ಐದು ನಲವತ್ತಕ್ಕೆ. ದಿನಾಲೂ ಹತ್ತು ನಿಮಿಷ ತಡ. ಗಡಿಯಾರ ಇಟ್ಟಂತೆ ತಡ. ನಾನು ಲುಂಗಿ ಎತ್ತಿ ಕಟ್ಟಿ, ಎರಡು ಡ್ರಮ್ಮು, ಆರು ಕೊಡ, ಒಂದು ಹಂಡೆಗಳ ಸೇನೆಯನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಗೇಟಿನಲ್ಲಿ ಕಾಯುತ್ತ ನಿಂತಿರುತ್ತಿದ್ದೆ. ಅವನು ಬಂದ ಕೂಡಲೇ ಮರಾಠಿಯಲ್ಲಿ ಅತ್ಯಂತ ಸಭ್ಯವಾಗಿ, "ಕಾಯ್ ಮಾಮಾ, ಆಜ್ ಪಣ್ ಉಶೀರ್?" ಎಂದು ಕೇಳುತ್ತಿದ್ದೆ. ಇವತ್ತೂ ತಡವೇ ಎಂದು ಅರ್ಥ. ಅವನು ಅಷ್ಟೇ ಸಭ್ಯವಾಗಿ, "ಹೋ ಸಾಹೇಬ್, ಥೋಡಾ ಝಾಲಾ," ಹೌದು, ಸ್ವಲ್ಪ ಆಯಿತು, ಎಂದು ನಕ್ಕು ಚಾವಿ ಇಳಿಸುತ್ತಿದ್ದ.

ಮರಾಠಿಯ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು. ಆಮೇಲೆ ಕನ್ನಡದ್ದು ಶುರು. ಅವನಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ಮುಖದ ಮೇಲೆ ನಗು ಹಾಗೆಯೇ ಇಟ್ಟುಕೊಂಡು, ನಾನು ನಮ್ಮ ಕಡೆಯ ಅಚ್ಚ ಭಾಷೆಯಲ್ಲಿ ಬೈಯುತ್ತಿದ್ದೆ. "ಬಂದಾ ನೋಡು ಮೂಳ, ಕಾಲಾಗ ಗೋಣಿಚೀಲ ಕಟಗೊಂಡು. ನಿನ್ನ ಚಾವಿಗೆ ತುಕ್ಕ ಹತ್ಲಿ. ಸುಟ್ಟ ಬದನಿಕಾಯಿ ಮಾರಿ ಮಾಡ್ಕೊಂಡು ನಗ್ತಾನ, ಖೋಡಿ." ದಿನಕ್ಕೊಂದು ಹೊಸದು ಸೇರುತ್ತಿತ್ತು. ಕಚೇರಿಯಲ್ಲಿ ಸಾಹೇಬರ ಮುಂದೆ ನುಂಗಿಕೊಂಡಿದ್ದೆಲ್ಲ ಇಲ್ಲಿ ಹೊರಗೆ ಬಂದು ಮೈ ಹಗುರಾಗುತ್ತಿತ್ತು. ನಿಜ ಹೇಳಬೇಕೆಂದರೆ, ನನ್ನ ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಎರಡು ನಿಮಿಷ ಮಾತ್ರ.

ಅಂಥವನು ನನ್ನ ಮಗಳ ವೀರ.

"ರೇಣು, ದಿನಾ ಯಾರು ನೀರು ತುಂಬ್ತಾರ?"

"ನೀ."

"ಮತ್ತ ವೀರ ಯಾರು?"

"ನೀ ಬರೇ ತುಂಬ್ತಿ ಪಪ್ಪಾ. ಮಾಮಾ ತರ್ತಾನ."

ಅನುಸೂಯಾ ರೊಟ್ಟಿಯ ಹಿಟ್ಟಿನ ಕಡೆ ತಿರುಗಿ ನಗುವುದು ಬೆನ್ನಿನಿಂದಲೇ ಗೊತ್ತಾಗುತ್ತಿತ್ತು. ಆ ಕ್ಷಣದಲ್ಲಿ ನಾನು ಪ್ರತಿಜ್ಞೆ ಮಾಡಿದೆ: ಶನಿವಾರ ಮುಗಿಯುವುದರೊಳಗೆ ಆ ಚೌಕ ನನ್ನದಾಗಬೇಕು.

ಮೊದಲು ಹೆಂಡತಿಯ ಎದುರು ತೂಕ ಹೆಚ್ಚಿಸಿಕೊಳ್ಳಲು, ಒಬ್ಬ ಸೈನಿಕನನ್ನು ನಾನು ಕರೆತರುತ್ತೇನೆ ಎಂದೆ. ದೇಹೂ ರೋಡಿನಲ್ಲಿ ಸೈನ್ಯದ ಉಗ್ರಾಣದಲ್ಲಿ ನನ್ನ ಗೆಳೆಯ ಲೋಕನಾಥ ಇದ್ದ. ಅವನಿಗೆ ಫೋನ್ ಮಾಡಿದರೆ, "ಸೈನಿಕರಿಗೆ ರಜಾ ಇಲ್ಲಪಾ, ಬೇಕಾದ್ರ ನಾ ಬರ್ತೀನಿ," ಎಂದ. ಲೋಕನಾಥ ಅಲ್ಲಿ ಕಂಬಳಿ ಎಣಿಸುವ ಕ್ಲಾರ್ಕ್. ಕ್ಲಾರ್ಕೇ ಬೇಕಾದರೆ ಮನೆಯಲ್ಲಿ ಒಬ್ಬ ಇದ್ದೇನಲ್ಲ?

"ಸೈನಿಕನ ಜಾಗಾದಾಗ ನಾನ ಬರ್ತೀನಿ," ಎಂದು ಘೋಷಿಸಿದೆ.

"ಬಂದು ಏನ್ ತೋರಸ್ತೀರಿ?"

"ನನ್ನ ಕೆಲಸಾ."

"ಹುಡುಗೂರು ಸಣ್ಣವು ಅದಾವ್ರಿ. ಭಾಳ ಹೊತ್ತು ಕೂಡೂದಿಲ್ಲ," ಎಂದಳು ಅನುಸೂಯಾ.

ಶನಿವಾರ ಬಂತು. ನಾನು ಕೋಟು ಹಾಕಿಕೊಂಡು, ಕಚೇರಿಯಿಂದ ತಂದಿದ್ದ ಹಳೆಯ ರಬ್ಬರ್ ಶಿಕ್ಕಾ ಮತ್ತು ನೀಲಿ ಮಸಿಯ ಪ್ಯಾಡು ಹಿಡಿದುಕೊಂಡು ಸಭಾಗೃಹಕ್ಕೆ ಹೋದೆ. ಮೊದಲು ದವಾಖಾನೆಯ ನರ್ಸ್ ಸಕ್ಕುಬಾಯಿ ಬಂದು, ಒಂದು ಗೊಂಬೆಗೆ ಪಟ್ಟಿ ಕಟ್ಟಿ ತೋರಿಸಿ ಹೋದರು. ಸೂಜಿ ತೋರಿಸದೆ ಇದ್ದದ್ದರಿಂದ ಯಾರೂ ಅಳಲಿಲ್ಲ. ಆಮೇಲೆ ನನ್ನ ಸರದಿ.

ಶಿಕ್ಕಾ ಕೆಲಸ ಮಾಡಿತು. ಮಸಿಯಲ್ಲಿ ಒತ್ತಿ ಮೊದಲ ಕೂಸಿನ ಅಂಗೈಗೆ ಹೊಡೆದದ್ದೇ ತಡ, ಹದಿನೇಳು ಅಂಗೈಗಳು ನನ್ನ ಮುಂದೆ ಚಾಚಿದವು. 'ತಪಾಸಣೆ ಆಗಿದೆ' ಎಂದು ಮರಾಠಿಯಲ್ಲಿ ಮುದ್ರೆ ಒತ್ತಿಸಿಕೊಂಡ ಮಕ್ಕಳು ಕೈ ಎತ್ತಿ ಹಿಡಿದುಕೊಂಡು ಸಭಾಗೃಹದ ತುಂಬ ಓಡಾಡಿದವು. ರೇಣು ಎರಡೂ ಕೈಗೆ ಹೊಡೆಸಿಕೊಂಡು, "ಇಂವಾ ನಮ್ಮ ಪಪ್ಪಾ," ಎಂದು ಪಕ್ಕದವಳಿಗೆ ಹೇಳಿದಳು. ಹನ್ನೆರಡನೇ ಚೌಕದಲ್ಲಿ ನಾನು ಒಂದು ಕಾಲು ಇಟ್ಟಾಗಿತ್ತು.

ಆಗ ಮಾಂತು ಅಂಗೈ ನೋಡಿಕೊಳ್ಳುತ್ತ ಕೇಳಿದ. "ಕಾಕಾ, ಈ ಶಿಕ್ಕಾ ಹೊಡದ್ರ ಏನ್ ಆಕ್ಕೈತ್ರಿ?"

"ಕಾಗದ ಮುಂದ ಹೋಗ್ತದ."

"ಎಲ್ಲಿಗ್ರಿ?"

"ಮುಂದಿನ ಟೇಬಲ್ಲಿಗೆ."

"ಅಲ್ಲಿಂದರಿ?"

"ಅದರ ಮುಂದಿನ ಟೇಬಲ್ಲಿಗೆ."

"ಆಮ್ಯಾಲರಿ?"

ಇಪ್ಪತ್ತು ವರ್ಷದ ನೌಕರಿಯಲ್ಲಿ ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. "ತಿರುಗಿ ನನ್ನ ಹತ್ರ ಬರ್ತದ," ಎಂದೆ. ಮಾಂತು ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಕನಿಕರದಿಂದ ತನ್ನ ಕಡಲೆ ಬೆಲ್ಲದಲ್ಲಿ ಒಂದು ಚೂರು ಮುರಿದು ನನ್ನ ಕೈಗೆ ಕೊಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಖಣ್ ಎಂದು ಸದ್ದಾಯಿತು. ಚಾವಿ ಮಾಮಾ ಬಂದಿದ್ದ. ರೇಣುವಿನ ಹಟಕ್ಕೆ ಅನುಸೂಯಾ ಅವನನ್ನೂ ಕರೆದಿದ್ದಳು. ಸಲಾಕೆಯನ್ನು ನೆಲಕ್ಕೆ ಊರಿ ನಿಂತಿದ್ದ. ಅದರ ಹಿಡಿ ಎಲ್ಲ ಮಕ್ಕಳ ತಲೆಗಿಂತ ಎತ್ತರದಲ್ಲಿತ್ತು. ಅನುಸೂಯಾ ಮರಾಠಿಯಲ್ಲಿ, ಮಕ್ಕಳಿಗೆ ಮರಾಠಿ ಅಷ್ಟು ಬರುವುದಿಲ್ಲ, ನೀವು ಹೇಳಿದ್ದನ್ನು ನಾನು ಕನ್ನಡದಲ್ಲಿ ತಿಳಿಸುತ್ತೇನೆ ಎಂದಳು. ಹೆಸರು ಕೇಳಿದಳು.

"ಮಲಕಪ್ಪ ಅಂತಾರ್ರಿ ಟೀಚರ್," ಎಂದ ಅವನು. "ಅಕ್ಕಲಕೋಟಿ ಆಚಿಕಿನ ಹಳ್ಳಿ ನಂದು. ತಿಳಿಸೂದೇನ್ ಬ್ಯಾಡ್ರಿ, ನಾನ ಹೇಳ್ತೀನಿ. ಮನಿ ಮಾತು ನಮ್ದೂ ಕನ್ನಡಾನರಿ."

ಅನುಸೂಯಾ ಸಂತೋಷದಿಂದ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಆರು ವರ್ಷ, ವರ್ಷಕ್ಕೆ ಮುನ್ನೂರ ಅರವತ್ತೈದು ಮುಂಜಾನೆ. ಮೂಳ. ಖೋಡಿ. ಬದನಿಕಾಯಿ. ಒಂದೊಂದೇ ನೆನಪಾಗತೊಡಗಿದವು. ಬಾಗಿಲ ಕಡೆ ಸರಿಯಲು ನೋಡಿದೆ, ಆದರೆ ಬಾಗಿಲಲ್ಲಿ ಅವನೇ ನಿಂತಿದ್ದ.

"ಬರ್ರಿ ನನ್ನ ಹಿಂದ," ಎಂದು ಮಲಕಪ್ಪ ಮಕ್ಕಳನ್ನು ಕರೆದ. "ಕಾಲನಿ ಚೇರ್ಮನ್ ಸಾಹೇಬ್ರನ್ನ ಕೇಳೀನಿ. ನಿಮ್ಮ ಸಲುವಾಗಿ ಐದು ನಿಮಿಷ ನೀರು ಬಿಡ್ತೀನಿ."

ಗಲ್ಲಿಯ ಬಾಯಲ್ಲಿ ಹದಿನೇಳು ಮಕ್ಕಳು ಸುತ್ತ ನಿಂತವು. ಅವನು ಮುಚ್ಚಳ ಸರಿಸಿದ. ಒಳಗೆ ಕತ್ತಲೆ. ಸಲಾಕೆ ಇಳಿಬಿಟ್ಟ, ಕೆಳಗೆಲ್ಲೋ ಅದು ಕಚ್ಚಿಕೊಂಡ ಸದ್ದು ಕೇಳಿತು. ತಿರುವಲಿಲ್ಲ. ಟೊಪ್ಪಿಗೆ ತೆಗೆದು, ಬಗ್ಗಿ, ಸಲಾಕೆಯ ಹಿಡಿಗೆ ಕಿವಿ ಹಚ್ಚಿದ. ಕಣ್ಣು ಮುಚ್ಚಿದ.

"ಆರನೇ ಗಲ್ಲ್ಯಾಗ ಯಾರೋ ನಳ ಖುಲ್ಲಾ ಬಿಟ್ಟಾರ," ಎಂದ ಮೆಲ್ಲಗೆ. "ಟಾಕ್ಯಾಗ ಅರ್ಧಕ್ಕಿಂತ ಜಾಸ್ತಿ ಐತಿ ಇವತ್ತ. ಬಾ ಮಗಾ, ನೀ ಕೇಳು."

ಮೊದಲು ಮಾಂತು ಕಿವಿ ಇಟ್ಟ. ಅವನ ಬಾಯಿ ತಾನಾಗಿ ತೆರೆದುಕೊಂಡಿತು. ಆಮೇಲೆ ಒಬ್ಬೊಬ್ಬರೇ. ಎತ್ತರ ಸಾಲದವರನ್ನು ಮಲಕಪ್ಪ ಒಂದು ಕೈಯಲ್ಲಿ ಎತ್ತಿ ಹಿಡಿದ. ಡಾಕ್ಟರ ಚಿತ್ರಕ್ಕೆ ಅತ್ತವರು, ಪೊಲೀಸನ ಚಿತ್ರಕ್ಕೆ ಅಡಗಿದವರು, ಎರಡು ನಿಮಿಷ ಒಂದೆಡೆ ಕೂರದವರು, ಹದಿನೇಳೂ ಮಕ್ಕಳು ಪಿಟ್ಟೆನ್ನದೆ ನಿಂತಿದ್ದವು. ಬಾಲವಾಡಿಯ ಇತಿಹಾಸದಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಅನುಸೂಯಾ ಸೆರಗಿನ ತುದಿ ಹಿಡಿದುಕೊಂಡು ತಾನೂ ಸಾಲಿನಲ್ಲಿ ನಿಂತಿದ್ದಳು.

ಕೊನೆಗೆ ಮಲಕಪ್ಪ ನನ್ನ ಕಡೆ ನೋಡಿ, "ಬರ್ರಿ ಸಾಹೇಬ್ರ," ಎಂದ.

ನಾನು ಕೋಟು ಸಾವರಿಸಿಕೊಂಡು ಬಗ್ಗಿದೆ. ಕಬ್ಬಿಣ ತಣ್ಣಗಿತ್ತು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಹಳ ದೂರದಲ್ಲಿ, ಗುಡ್ಡದ ಹೊಟ್ಟೆಯೊಳಗಿಂದ, ಗುಂಯ್ ಎನ್ನುವ ಒಂದು ಸದ್ದು. ನೀರು ಕಾಯುತ್ತಿತ್ತು. ಏಳು ಗಲ್ಲಿಯ ಜನ ಮುಖ ತೊಳೆಯುವ, ಅನ್ನ ಬೇಯಿಸುವ, ಮಕ್ಕಳ ಮೈ ತೊಳೆಯುವ ಅಷ್ಟೂ ನೀರು ಅಲ್ಲಿ ಒತ್ತಿಕೊಂಡು ನಿಂತಿತ್ತು, ಈ ಒಬ್ಬ ಮನುಷ್ಯನ ಕೈಗಾಗಿ. ಆರು ವರ್ಷ ನಾನು ಆ ಮುಚ್ಚಳದ ಮೇಲೆ ಕಾಲಿಟ್ಟು ಬಸ್ಸಿಗೆ ಹೋಗಿದ್ದೆ. ನನ್ನ ಮೈಮೇಲೆ ಮುಳ್ಳು ಎದ್ದವು. ಸುಳ್ಳು ಏಕೆ ಹೇಳಲಿ, ಆ ಹೊತ್ತಿನಲ್ಲಿ ಚೌಕ, ಶಿಕ್ಕಾ, ಪ್ರತಿಜ್ಞೆ ಯಾವುದೂ ನನಗೆ ನೆನಪಿರಲಿಲ್ಲ. ಇವನ ಪಾದ ಮುಟ್ಟಬೇಕು ಅನಿಸಿತು.

ಅವನು ಎರಡೂವರೆ ಸುತ್ತು ತಿರುವಿದ. ಕೊಳವೆಯೊಳಗೆ ಗಾಳಿ ಗೊರಗುಟ್ಟಿತು. ಒಂದು ಕ್ಷಣ ಬಿಟ್ಟು ಸಭಾಗೃಹದ ಅಂಗಳದ ನಳದಿಂದ ನೀರು ಭರ್ರೆಂದು ಬಂತು. ಮಕ್ಕಳು ಓಡಲಿಲ್ಲ. ನೀರನ್ನೊಮ್ಮೆ, ಅವನನ್ನೊಮ್ಮೆ ನೋಡುತ್ತ ನಿಂತವು.

"ಯಾರರ ಏನರ ಕೇಳೂದೈತೇನು?" ಎಂದ ಮಲಕಪ್ಪ.

ರೇಣು ನೀಲಿ ಮಸಿಯ ಕೈ ಎತ್ತಿದಳು. "ಮಾಮಾ, ನೀ ಯಾಕ ದಿನಾ ತಡಾ ಮಾಡ್ತಿ? ನಮ್ಮ ಪಪ್ಪಾ ಕಾಯ್ತಾನ."

ನಾನು ಕೆಮ್ಮಿದೆ. ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅವೇಳೆಯಲ್ಲಿ ನೀರು ಬಂದ ಸದ್ದಿಗೆ ಕೊಡ ಹಿಡಿದುಕೊಂಡು ಗಲ್ಲಿಯ ಹೆಂಗಸರೂ ಬಂದಿದ್ದರು. ಎಲ್ಲರಿಗಿಂತ ಮುಂದೆ ಎದುರುಮನೆಯ ಇಂದೂ ವಹಿನಿ, ಇಡೀ ಗಲ್ಲಿಗೇ ಅತ್ತಿಗೆ. ಧಾರವಾಡದವರು, ಕಿವಿ ಚುರುಕು.

ಮಲಕಪ್ಪ ಟೊಪ್ಪಿಗೆ ಕೈಯಲ್ಲಿ ತಿರುಗಿಸುತ್ತ ನಾಚಿಕೊಂಡ. "ಖರೇ ಹೇಳ್ಲೇನವಾ? ಊರು ಬಿಟ್ಟು ಇಪ್ಪತ್ತು ವರ್ಷ ಆತು. ನನ್ನ ಜೋಡಿ ಇಲ್ಲಿ ಯಾರೂ ಕನ್ನಡ ಮಾತಾಡೂದಿಲ್ಲ. ಹೆಂಡ್ತಿ ತೀರಿಕೊಂಡ ಮ್ಯಾಲಂತೂ ಮನ್ಯಾಗೂ ಇಲ್ಲ. ಮೊದಲನೇ ವರ್ಷ ಒಂದಿನ ಸೈಕಲ್ ಪಂಕ್ಚರ್ ಆಗಿ ತಡಾ ಆತು. ಸಾಹೇಬ್ರು ಬೈದ್ರು. ಎಂಥಾ ಚಂದ ಬೈದ್ರು ಅಂತಿ. ನಮ್ಮ ಆಯಿ ಹಂಗ ಬೈತಿದ್ಲು ನೋಡು, 'ಕಾಲಾಗ ಗೋಣಿಚೀಲ ಕಟಗೊಂಡಿ' ಅಂತ. ಕಣ್ಣಾಗ ನೀರ ಬಂತು ನನಗ. ಮರುದಿನ ಹೊತ್ತಿಗೆ ಸರಿಯಾಗಿ ಬಂದೆ, ಬೈಲಿಲ್ಲ. ಅದಕ್ಕ ಅವತ್ತಿನಿಂದ ಹತ್ತು ನಿಮಿಷ ಆಚಿ ಗಲ್ಲ್ಯಾಗ ಬೀಡಿ ಸೇದಿ, ತಡಾ ಮಾಡೇ ಬರ್ತೀನಿ."

"ಕನ್ನಡ ಬರ್ತದಂತ ಹೇಳಬೇಕಿಲ್ಲೇನ್ರಿ?" ಎಂದು ನಾನು ಉಳಿದಷ್ಟು ಧ್ವನಿಯಲ್ಲಿ ಕೇಳಿದೆ.

"ಹೇಳಿದ್ರ ನೀವು ಬೈಯೂದು ಬಿಡ್ತಿದ್ರಿ," ಎಂದ ಮಲಕಪ್ಪ.

ಇಂದೂ ವಹಿನಿ ಕೊಡವನ್ನು ಸೊಂಟದಿಂದ ಇಳಿಸಿ ನೆಲದ ಮೇಲಿಟ್ಟರು. "ಅಂದ್ರ, ಧರ್ಮರಾಜ ಅವರ, ಆರು ವರ್ಷದಿಂದ ಈ ಗಲ್ಲೀಗೆ ದಿನಾ ನೀರು ತಡಾ ಬರೂದು ನಿಮ್ಮ ಬಾಯಿ ಸಲುವಾಗಿ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಅನುಸೂಯಾ ತನ್ನ ಪಾಲಿನ ಮಾತನ್ನು ರಾತ್ರಿ ಊಟಕ್ಕೆ ಉಳಿಸಿಕೊಂಡಳು.

ಹೆಂಗಸರ ಸಭೆ ಅಲ್ಲಿಯೇ ನಿಂತ ನಿಲುವಿನಲ್ಲಿ ನಡೆದು, ಠರಾವು ಪಾಸಾಯಿತು. ಸೋಮವಾರದಿಂದ ಮಲಕಪ್ಪನವರು ಐದೂವರೆಗೆ ಸರಿಯಾಗಿ ಬರತಕ್ಕದ್ದು. ಶ್ರೀ ಧರ್ಮರಾಜ ಇವರು ವಾಲ್ವಿನ ಬಳಿ ಹಾಜರಿದ್ದು, ತಡವಾಗದಿದ್ದರೂ ಯಥಾಪ್ರಕಾರ ಬೈಯತಕ್ಕದ್ದು.

ನನ್ನ ಮುಖ ಸೀದಾ ಇರಲಿಲ್ಲವಾದರೂ, ಸಂಜೆ ಮನೆಯಲ್ಲಿ ಒಂದು ಸಮಾಧಾನ ಕಾದಿತ್ತು. ರೇಣು ಸ್ಟೂಲಿನ ಮೇಲೆ ನಿಂತು ಪೆನ್ಸಿಲಿನಲ್ಲಿ ಹನ್ನೆರಡನೇ ಚೌಕ ತುಂಬಿದ್ದಳು. ಉದ್ದನೆಯ ಸಲಾಕೆ, ಅದನ್ನು ಹಿಡಿದ ಟೊಪ್ಪಿಗೆಯ ಮನುಷ್ಯ. ಅವನ ಪಕ್ಕದಲ್ಲಿ, ನೋಡುತ್ತೇನೆ, ಕನ್ನಡಕ ಹಾಕಿದ ಇನ್ನೊಬ್ಬ. ಅವನಿಗೆ ಮೈಗಿಂತ ಬಾಯಿಯೇ ದೊಡ್ಡದು.

"ಇಂವಾ ಯಾರು ರೇಣು?"

"ನೀ. ನೀ ಬೈತಿ, ಅದಕ್ಕ ಮಾಮಾ ಬರ್ತಾನ."

ಯಾವ ಕಾರಣಕ್ಕಾದರೇನು, ಚೌಕದೊಳಗೆ ಇದ್ದೇನಲ್ಲ ಎಂದು ನಾನು ಭಾನುವಾರವೆಲ್ಲ ಎದೆ ಉಬ್ಬಿಸಿಯೇ ಓಡಾಡಿದೆ.

ಸೋಮವಾರ ಐದೂವರೆ. ಮಲಕಪ್ಪ ಗಡಿಯಾರದಂತೆ ಬಂದ. ಮುಚ್ಚಳ ತೆಗೆದ, ಸಲಾಕೆ ಇಳಿಸಿದ, ಎರಡೂ ಕೈ ಹಿಡಿಯ ಮೇಲಿಟ್ಟು ಆಸೆಯಿಂದ ನನ್ನ ಮುಖ ನೋಡಿದ. ಗೇಟುಗೇಟಿನಲ್ಲಿ ಹೆಂಗಸರು ನಿಂತಿದ್ದರು. ನಾನು ಬಾಯಿ ತೆರೆದೆ. ಕಿವಿಯಲ್ಲಿ ಆ ಗುಡ್ಡದೊಳಗಿನ ನೀರಿನ ಸದ್ದು ಇನ್ನೂ ಇತ್ತು. ಅಂಥ ನೀರಿನ ಒಡೆಯನಿಗೆ ಮೂಳ ಎನ್ನುವುದು ಹೇಗೆ?

"ಆರಾಮ್ ಅದೀರೇನ್ರಿ ಮಲಕಪ್ಪನವರ?" ಎಂದೆ.

ಅವನ ಮುಖ ಬಾಡಿತು. "ಇಷ್ಟ ಏನ್ರಿ?"

"ಬೈರಿ," ಎಂದಳು ಅನುಸೂಯಾ ಬಾಗಿಲಿನಿಂದ. "ಡ್ರಮ್ ಖಾಲಿ ಅದ."

ಮತ್ತೆ ಪ್ರಯತ್ನಿಸಿದೆ. ಬೆವರು ಬಂತು, ಬೈಗುಳ ಬರಲಿಲ್ಲ. ಎದುರಿನಿಂದ ಇಂದೂ ವಹಿನಿ, "ಬದನಿಕಾಯಿಯಿಂದ ಶುರು ಮಾಡ್ರಿ," ಎಂದು ಸೂಚಿಸಿದರು. ಆ ಹೊತ್ತಿಗೆ ನನ್ನ ಲುಂಗಿಯ ಹಿಂದಿನಿಂದ ಒಂದು ಸಣ್ಣ ದನಿ ಕೇಳಿಸಿತು, ನಿದ್ದೆಗಣ್ಣಿನದು, ಆದರೆ ಅಚ್ಚ ವಿಜಾಪುರದ್ದು.

"ಬಂದಾ ನೋಡು ಮೂಳ. ನಿನ್ನ ಚಾವಿಗೆ ತುಕ್ಕ ಹತ್ಲಿ."

ಮಲಕಪ್ಪನ ಮುಖ ಅರಳಿತು. ಕಣ್ಣು ಒರೆಸಿಕೊಂಡು, "ನಮ್ಮವ್ವಾ," ಎಂದು, ಎರಡೂವರೆ ಸುತ್ತು ತಿರುವಿದ. ಏಳು ಗಲ್ಲಿಯಲ್ಲೇ ಮೊದಲು ನಮ್ಮ ಗಲ್ಲಿಗೆ ನೀರು ಬಂತು.

ನಾನು ಎರಡು ಡ್ರಮ್ಮು, ಆರು ಕೊಡ, ಒಂದು ಹಂಡೆ ತುಂಬಿ, ಲುಂಗಿ ಹಿಂಡಿಕೊಂಡು ಒಳಗೆ ಬಂದಾಗ ರೇಣು ಸ್ಟೂಲಿನ ಮೇಲೆ ನಿಂತು ರಬ್ಬರಿನಿಂದ ಏನೋ ಉಜ್ಜುತ್ತಿದ್ದಳು. ಕನ್ನಡಕದವನು ಹೋಗಿದ್ದ. ಅವನಿದ್ದ ಜಾಗದಲ್ಲಿ ಎರಡು ಜಡೆಯ ಹುಡುಗಿ ಬಾಯಿ ತೆರೆದು ನಿಂತಿದ್ದಳು.

"ಮತ್ತ ನಾ ಎಲ್ಲಿ ರೇಣು?"

ಅವಳು ಚೌಕದ ಮೂಲೆಯಲ್ಲಿ ಒಂದು ಡ್ರಮ್ಮಿನ ಚಿತ್ರ ತೆಗೆದಳು. ಸ್ವಲ್ಪ ಯೋಚಿಸಿ, ಡ್ರಮ್ಮಿನ ಹಿಂದಿನಿಂದ ಎರಡು ಕೈ ಹೊರಗೆ ಬಂದಂತೆ ಬರೆದಳು. "ಇಲ್ಲಿ ಅದಿ," ಎಂದಳು.

ಆ ಚಾರ್ಟು ಇನ್ನೂ ನಮ್ಮ ಗೋಡೆಯ ಮೇಲೆ ಇದೆ. ಮನೆಗೆ ಬಂದವರಿಗೆಲ್ಲ ನಾನೇ ತೋರಿಸುತ್ತೇನೆ. ಆ ಕೈಗಳು ನನ್ನವೇ ಎಂದು ಮಾತ್ರ ಪ್ರತಿ ಸಲವೂ ಹೇಳಬೇಕಾಗುತ್ತದೆ.